ಬುತ್ತಿ ಕಟ್ಟಿದವರು

ಶಿರಸಿ
೧೨ ನವೆಂಬರ್ ೨೦೨೪

ಗಂಗಕ್ಕನವರಿಗೆ,

ಮೊಮ್ಮಗ ನಿನ್ನೆ ಸಂಜೆ ಮನೆಗೆ ಬಂದ. ಹುಬ್ಬಳ್ಳಿಯ ಆಸ್ಪತ್ರೆಯವರು ನೀಲಿ ಬೆಳಕಿನ ಕೆಳಗೆ ಮಲಗಿಸಿ, ಬೇರೆಯವರ ರಕ್ತ ಏರಿಸಿ, ಉಳಿಸಿ ಕಳಿಸಿದರು. ಕಣ್ಣಿನ ಹಳದಿ ಹೋಗಿದೆ. ಹೊಟ್ಟೆ ತುಂಬ ಹಾಲು ಕುಡಿದ ಮೇಲೂ ಇನ್ನೂ ಬೇಕೆಂದು ಜಗಳ ತೆಗೆಯುತ್ತಾನೆ. ಇದು ನಿಮ್ಮ ಉದಯನ ಗುಣ ಎಂದು ಕಾವ್ಯಶ್ರೀ ಹೇಳುತ್ತಾಳೆ. ಮದುವೆಯಾಗಿ ಎರಡು ವರ್ಷಕ್ಕೇ ನನ್ನ ಮಗಳು ಗಂಡನನ್ನು ಪೂರ್ತಿ ಓದಿ ಮುಗಿಸಿದ್ದಾಳೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ನಿಮಗೊಬ್ಬರಿಗೆ ಹೇಳಿದ್ದು ನಿಮ್ಮ ನಾದಿನಿಗೂ ಹಾಲು ಒಯ್ಯಲು ಬಂದವರಿಗೂ ತಲುಪುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಕಲಿಸಿ ನನಗೂ ಕೂಗಿ ಮಾತಾಡಿಯೇ ಅಭ್ಯಾಸ. ಮೆಲ್ಲಗೆ ಹೇಳಬೇಕಾದ್ದನ್ನು ಬರೆದೇ ಹೇಳಬೇಕು.

ಡಾಕ್ಟರು ಹೇಳಿದ್ದು ಇಷ್ಟು. ಮಗುವಿನ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆಯಿದೆ. ಸುಮ್ಮನಿದ್ದರೆ ಅದರಿಂದ ಏನೂ ತೊಂದರೆಯಿಲ್ಲ. ಡಾಂಬರು ಗುಳಿಗೆಯ ಅಂಶ ಮೈಗೆ ಹೋಗಿದ್ದರಿಂದ ಹೀಗಾಯಿತು. ನೀವು ಮಗುವಿಗೆ ಸುತ್ತಲು ಕಳಿಸಿದ ಹಳೆ ಸೀರೆಯಲ್ಲಿ ಆ ವಾಸನೆ ಗಾಢವಾಗಿತ್ತು. ಅದು ಬಂದ ದಿನ ನಾನೇ ಮೂಗಿಗೆ ಹಿಡಿದು, "ಗಂಗಕ್ಕನ ಪೆಟ್ಟಿಗೆ ಎಷ್ಟು ಚೊಕ್ಕ ನೋಡು" ಎಂದು ಮಗಳಿಗೆ ತೋರಿಸಿದ್ದೆ.

ಆಸ್ಪತ್ರೆಯಲ್ಲಿ ಎಲ್ಲರ ಎದುರು ಕಾವ್ಯಶ್ರೀ ನಿಮಗೆ ಆಡಿದ ಮಾತು ತಪ್ಪು. ಮಗು ಕಣ್ಣು ಬಿಡದ ಹೊತ್ತಿನಲ್ಲಿ ಬಂದ ಮಾತು ಅದು. ನೀವು ನೇರ ಹೋಗಿ ಬಸ್ಸು ಹತ್ತಿದಿರಿ. ಆಮೇಲೆ ಒಂದು ಫೋನೂ ಇಲ್ಲ. ತೊಟ್ಟಿಲ ಶಾಸ್ತ್ರಕ್ಕೆ ದಿನ ಹಿಡಿಯಬೇಕು. ತಂದೆಯ ತಾಯಿ ಎತ್ತಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕಷ್ಟೆ. ಯಾವಾಗ ಬರುತ್ತೀರಿ ತಿಳಿಸಿ.

ನಿಮ್ಮ ಬೀಗಿತ್ತಿ
ನೀಲಾ


ಕಿರವತ್ತಿ
೨೫ ನವೆಂಬರ್ ೨೦೨೪

ನೀಲಾ ಟೀಚರಿಗೆ ಗಂಗೆಯ ನಮಸ್ಕಾರ.

ನಿಮ್ಮ ಪತ್ರ ಬಂತು. ಪೋಸ್ಟಿನವನು ನನ್ನ ಹೆಸರು ಓದಿ ಎರಡು ಸಲ ನನ್ನ ಮುಖ ನೋಡಿದ. ಬ್ಯಾಂಕು ಬಿಟ್ಟರೆ ಈ ಮನೆಯ ಹೆಂಗಸರಿಗೆ ಯಾರೂ ಪತ್ರ ಹಾಕಿದ್ದಿಲ್ಲ. ನಾನು ಏಳನೇ ಇಯತ್ತೆ ಓದಿದವಳು, ಅಕ್ಷರ ದುಂಡಗಿಲ್ಲ, ಕೆಂಪು ಮಸಿಯಲ್ಲಿ ತಿದ್ದಬೇಡಿ.

ಕೂಸು ಹಾಲು ಕುಡಿಯುತ್ತದೆ ಎಂದು ಓದಿ ಜೀವ ಬಂತು. ಅಷ್ಟು ಸಾಕು ನನಗೆ. ತೊಟ್ಟಿಲಿಗೆ ನಾನು ಬರುವುದಿಲ್ಲ.

ಸೀರೆಯ ಸಂಗತಿ ನಿಮಗೆ ಪೂರ್ತಿ ಗೊತ್ತಿಲ್ಲ. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಹೆತ್ತ ಮಕ್ಕಳೆಲ್ಲ ಉಳಿದ ಹೆಂಗಸಿನ ಹಳೆ ಸೀರೆಯನ್ನು ಮೊದಲು ಸುತ್ತುತ್ತಾರೆ. ನನ್ನ ನಾಲ್ಕೂ ಮಕ್ಕಳು ಉಳಿದವು. ಹಾಗಾಗಿ ಊರಿನಲ್ಲಿ ಯಾರು ಹೆತ್ತರೂ ನನ್ನ ಮದುವೆ ಸೀರೆ ಕೇಳಿಕೊಂಡು ಬರುತ್ತಿದ್ದರು. ಅದನ್ನು ಒಗೆದು ಕೊಡುವ ಹಾಗಿಲ್ಲ, ಒಗೆದರೆ ಮಡಿಲ ಗುಣ ಹೋಗುತ್ತದೆ ಎನ್ನುತ್ತಾರೆ. ಪೆಟ್ಟಿಗೆಯಿಂದ ತೆಗೆದ ಹಾಗೇ ಕೊಡಬೇಕು. ಸೊಸೆಗೆ ದಿನ ನಿಂತಿತು ಎಂದು ಗೊತ್ತಾದ ಮೇಲೆ ಹುಳ ತಿಂದೀತೆಂದು ಡಾಂಬರು ಗುಳಿಗೆ ಹಾಕುತ್ತಲೇ ಬಂದೆ, ಮಡಿಕೆಗೆ ಎರಡರ ಹಾಗೆ. ಊರವರ ಕೂಸುಗಳಿಗೆ ಅಷ್ಟು ಹಾಕಿರಲಿಲ್ಲ. ಇದು ನಮ್ಮ ಕೂಸಲ್ಲವೇ ಎಂದು ಹೆಚ್ಚು ಹಾಕಿದೆ.

ಆ ದಿನ ನಿಮ್ಮ ಮಗಳು ಅಂದದ್ದು, "ಅತ್ತೆ, ಇನ್ಮೇಲೆ ನಿಮ್ಮನೆಯಿಂದ ಒಂದು ಚಿಂದೀನೂ ಬರೂದು ಬ್ಯಾಡ." ನನಗೆ ಸಿಟ್ಟು ಬರಲಿಲ್ಲ. ನನ್ನ ಕೂಸಿಗೆ ಹಾಗಾಗಿದ್ದರೆ ಅವಳಿಗಿಂತ ದೊಡ್ಡದು ಆಡುತ್ತಿದ್ದೆ. ಆದರೆ ನಾನು ಮುಟ್ಟಿದ್ದಕ್ಕೇ ಕೂಸಿಗೆ ಕೆಟ್ಟದಾಯಿತು ಎಂದು ಕೈ ಹಿಂದಕ್ಕೆ ಎಳೆಯುತ್ತದೆ. ಮೊನ್ನೆ ಆಚೆ ಮನೆಯ ಬಾಣಂತಿಗೆಂದು ಸೀರೆ ಕೇಳಲು ಬಂದರು. ಇಲಿ ಕಡಿಯಿತು ಎಂದು ಸುಳ್ಳು ಹೇಳಿ ಕಳಿಸಿದೆ.

ಒಂದು ಕೇಳುತ್ತೇನೆ. ನನ್ನ ನಾಲ್ಕು ಮಕ್ಕಳು, ಊರಿನ ಅಷ್ಟು ಮಕ್ಕಳು ಅದೇ ಸೀರೆಯಲ್ಲಿ ಮಲಗಿದವು. ಇವನಿಗೆ ಮಾತ್ರ ಯಾಕೆ ಹೀಗಾಯಿತು? ಆ ಗುಳಿಗೆ ಮೈಯೊಳಗೆ ಹೋಗಿ ಮಾಡಿದ್ದಾದರೂ ಏನು? ನನಗೆ ತಿಳಿಯುವ ಹಾಗೆ ಹೇಳಿ.

ಗಂಗೆ


ಶಿರಸಿ
೩ ಡಿಸೆಂಬರ್ ೨೦೨೪

ಗಂಗಕ್ಕ,

ಕೆಂಪು ಮಸಿ ನಿವೃತ್ತಿಯ ದಿನವೇ ಶಾಲೆಯಲ್ಲಿ ಬಿಟ್ಟು ಬಂದೆ. ನಿಮ್ಮ ಪ್ರಶ್ನೆಯಂಥ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿ ಕೇಳಿದ್ದರೂ ನಾನು ಇನ್ನೆರಡು ವರ್ಷ ನೌಕರಿ ಮಾಡುತ್ತಿದ್ದೆ. ಹೇಳುತ್ತೇನೆ, ನಿಧಾನವಾಗಿ ಓದಿ.

ನಮ್ಮ ಮೈಯೆಲ್ಲ ಜೀವಕೋಶಗಳಿಂದ ಆದದ್ದು. ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದೊಂದರ ಸುತ್ತಲೂ ತೆಳ್ಳಗಿನ ಪೊರೆ ಇರುತ್ತದೆ, ಆ ಪೊರೆ ಕೊಬ್ಬಿನದು. ನಡುವೆ ಕೋಶಕೇಂದ್ರ. ಆ ಕೋಶಕ್ಕೆ ಏನೇನು ಬೇಕು, ಹೇಗೆ ಮಾಡಬೇಕು ಎಂಬುದೆಲ್ಲ ಅಲ್ಲಿ ಬರೆದಿಟ್ಟ ಹಾಗೆ ಇರುತ್ತದೆ. ಕೋಶದೊಳಗೆ ಕೆಲಸ ಮಾಡುವವು ಕಿಣ್ವಗಳು. ಹಾಲು ಮೊಸರಾಗಲು ಹೆಪ್ಪು ಹಾಕುತ್ತೀರಲ್ಲ, ಆ ಹೆಪ್ಪಿನ ಜೀವಿಗಳೂ ತಮ್ಮ ಕಿಣ್ವಗಳಿಂದಲೇ ಆ ಕೆಲಸ ಮಾಡುವುದು. ಒಂದು ಕೆಲಸಕ್ಕೆ ಒಂದು ಕಿಣ್ವ. ಸವೆದರೆ ಕೋಶ ಹೊಸದನ್ನು ಮಾಡಿಕೊಳ್ಳುತ್ತದೆ.

ರಕ್ತದ ಕೆಂಪು ಕಣ ಮಾತ್ರ ಬೇರೆ ಥರ. ಅದು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತದೆ. ಹೊರಗೆ ಹೊರಡುವ ಮುಂಚೆ ತನ್ನ ಕೋಶಕೇಂದ್ರವನ್ನೇ ತೆಗೆದುಹಾಕುತ್ತದೆ, ಉಸಿರಿನ ಗಾಳಿ ಹೊರಲು ಜಾಗ ಬೇಕಲ್ಲ. ಆಮೇಲೆ ಸುಮಾರು ನಾಲ್ಕು ತಿಂಗಳು ಮೈಯೆಲ್ಲ ತಿರುಗುತ್ತದೆ. ಬುತ್ತಿ ಕಟ್ಟಿಕೊಂಡು ದೂರ ಹೊರಟವನ ಹಾಗೆ. ಮನೆಯಲ್ಲಿ ಕಟ್ಟಿದ್ದೆಷ್ಟೋ ಅಷ್ಟೇ, ದಾರಿಯಲ್ಲಿ ಅಡುಗೆ ಮಾಡಿಕೊಳ್ಳಲು ಒಲೆಯಿಲ್ಲ. ಆ ಬುತ್ತಿಯಲ್ಲಿ ಒಂದು ಕಾವಲಿನ ಕಿಣ್ವ ಇರುತ್ತದೆ. ಕಣವನ್ನು ಸುಡುವಂಥದ್ದು ಏನಾದರೂ ಒಳಗೆ ಬಂದರೆ ತಡೆಯುವುದು ಅದರ ಕೆಲಸ. ನಮ್ಮ ಮೊಮ್ಮಗನ ಬುತ್ತಿಯಲ್ಲಿ ಅದು ತೀರಾ ಕಡಿಮೆ.

ಇನ್ನು ಗುಳಿಗೆ. ಅದು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ನಾವು ಇಲ್ಲಿ ಮಗುವಿಗೆ ದಿನವೂ ಎಣ್ಣೆ ತೀಡಿ, ಎಣ್ಣೆ ಮೈಗೇ ನಿಮ್ಮ ಸೀರೆ ಸುತ್ತಿದೆವು. ಕೊಬ್ಬಿನ ಪೊರೆ ಎಂದೆನಲ್ಲ, ಎಣ್ಣೆಯಲ್ಲಿ ಕರಗುವಂಥದ್ದು ಅದನ್ನು ಸುಲಭವಾಗಿ ದಾಟುತ್ತದೆ. ಕಾವಲಿನವನು ಸೋತ. ಕಣಗಳು ಒಡೆದವು. ಒಳಗಿನ ಕೆಂಪು ಹೊರಚೆಲ್ಲಿ ಹಳದಿಯಾಯಿತು. ಹಸುಗೂಸಿನ ಪಿತ್ತಜನಕಾಂಗಕ್ಕೆ ಅಷ್ಟನ್ನು ಹೊರಹಾಕುವ ಬಲವಿಲ್ಲ. ನೀಲಿ ಬೆಳಕು ಆ ಹಳದಿಯನ್ನು ನೀರಿನಲ್ಲಿ ಕರಗಿ ಹೋಗುವ ಹಾಗೆ ಬದಲಿಸುತ್ತದೆ, ಅದಕ್ಕೇ ಅದರ ಕೆಳಗೆ ಮಲಗಿಸಿದ್ದು.

ನಿಮ್ಮ ಮಕ್ಕಳ ಬುತ್ತಿ ತುಂಬಿತ್ತು, ಅವರಿಗೆ ಏನೂ ಆಗಲಿಲ್ಲ. ಇವನು ಮುಂದೆಯೂ ಚೆನ್ನಾಗಿಯೇ ಬೆಳೆಯುತ್ತಾನೆ. ಆ ಗುಳಿಗೆ ಮನೆಯಲ್ಲಿ ಇರಬಾರದು. ಕೆಲವು ಮಾತ್ರೆಗಳನ್ನು ಕೊಡಬಾರದು, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲೇ ಹೇಳಬೇಕು. ಇಷ್ಟೇ.

ಈಗಲಾದರೂ ಬನ್ನಿ.

ನೀಲಾ


ಕಿರವತ್ತಿ
೨೦ ಡಿಸೆಂಬರ್ ೨೦೨೪

ಟೀಚರಿಗೆ ನಮಸ್ಕಾರ.

ನಿಮ್ಮ ಪಾಠವನ್ನು ಮೂರು ಸಲ ಓದಿದೆ. ಬುತ್ತಿಯ ಮಾತು ಬಂದ ಮೇಲೆ ಎಲ್ಲ ತಿಳಿಯಿತು. ಗೋವಿನಜೋಳ ಒಣಗಿಸುತ್ತ ಕುಳಿತಾಗಲೂ ಅದೇ ತಲೆಯಲ್ಲಿ. ನನ್ನ ಮೈಯಲ್ಲಿ ಇಷ್ಟು ಜನ ಬುತ್ತಿ ಹೊತ್ತು ತಿರುಗುತ್ತಿದ್ದಾರೆ, ನಾನೊಬ್ಬಳೇ ದುಡಿಯುತ್ತೇನೆ ಎಂದು ಅಂದುಕೊಂಡಿದ್ದೆನಲ್ಲ ಎಂದು ನಗು ಬಂತು.

ಮನೆಯಲ್ಲಿ ನಗುವಿಲ್ಲ. ನಾದಿನಿ ಜಗಲಿಯಲ್ಲೇ ಕುಳಿತಿರುತ್ತಾಳೆ. ಕೇಳಿದವರಿಗೆಲ್ಲ ಅವಳ ಉತ್ತರ ಒಂದೇ. "ಆಕಿ ಸೀರಿಯೊಳಗ ಏನಿತ್ತೋ ಯಾರಿಗೆ ಗೊತ್ತ್ರಿ. ಇಷ್ಟ ದಿನ ಮಂದಿ ಕೂಸಿಗೆಲ್ಲ ಹೊಚ್ಚತಿದ್ಲು." ನಮ್ಮ ಯಜಮಾನರು ಅವಳಿಗೆ ಸುಮ್ಮನಿರು ಎನ್ನುತ್ತಾರೆ, ಆದರೆ ಅವರೂ ನನ್ನ ಮುಖ ನೋಡಿ ಹೇಳುವುದಿಲ್ಲ. ಉದಯ ಯಲ್ಲಾಪುರದ ಬಸ್ ಡಿಪೋದಿಂದ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಕೂಸಿನ ಫೋಟೋ ತೋರಿಸುತ್ತಾನೆ. ನಾನು ದೂರದಿಂದ ನೋಡಿ, ಚಂದ ಇದ್ದಾನೆ ಎನ್ನುತ್ತೇನೆ.

ಊರಿನವರು ಈಗ ಬಾಣಂತಿಯರ ಮನೆಗೆ ನನ್ನನ್ನು ಕರೆಯುವುದಿಲ್ಲ. ಕರೆದರೂ ನಾನು ಹೋಗುವವಳಲ್ಲ. ಟೀಚರೇ, ಒಪ್ಪಿಕೊಳ್ಳುತ್ತೇನೆ, ನನಗೆ ಅದು ತುಂಬ ದುಃಖ. ಬೇರೆ ಯಾವುದಕ್ಕೂ ಈ ಊರು ನನ್ನನ್ನು ಕೇಳಿಕೊಂಡು ಬರುತ್ತಿರಲಿಲ್ಲ.

ನಿಮ್ಮ ಪಾಠದಲ್ಲಿ ಒಂದು ಬಿಟ್ಟು ಹೋಗಿದೆ. ಕೂಸಿನ ಬುತ್ತಿಯಲ್ಲಿ ಹುಟ್ಟಿನಿಂದಲೇ ಕಡಿಮೆ ಇತ್ತು ಎಂದಿರಿ. ಆ ಬುತ್ತಿ ಕಟ್ಟಿದವರು ಯಾರು? ಅದೂ ನಮ್ಮ ಮನೆಯದೇ ಆದರೆ ಹೇಳಿಬಿಡಿ. ಉದಯನಿಗೂ ನನ್ನ ಇನ್ನೊಬ್ಬ ಮಗನಿಗೂ ರಕ್ತ ನೋಡಿಸುತ್ತೇನೆ.

ಗಂಗೆ


ಶಿರಸಿ
೩೦ ಡಿಸೆಂಬರ್ ೨೦೨೪

ಗಂಗಕ್ಕನವರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಬೆಳಗಿನ ಚಳಿ ಈ ಸಲ ಜೋರಾಗಿದೆ. ಮಗು ಈಗ ಧ್ವನಿ ಬಂದ ಕಡೆ ತಲೆ ತಿರುಗಿಸುತ್ತಾನೆ, ಫ್ಯಾನು ನೋಡಿ ನಗುತ್ತಾನೆ. ಕಾವ್ಯಶ್ರೀಗೆ ಸ್ವಲ್ಪ ಬೆನ್ನುನೋವಿತ್ತು, ಈಗ ವಾಸಿ. ತೊಟ್ಟಿಲನ್ನು ಮುಂದಕ್ಕೆ ಹಾಕಿದ್ದೇವೆ. ಪೂರ್ತಿ ಬರೆಯಲು ಈಗ ಪುರಸೊತ್ತಿಲ್ಲ.

ನೀಲಾ


ಕಿರವತ್ತಿ
೧೬ ಜನವರಿ ೨೦೨೫

ಟೀಚರಿಗೆ,

ನಿಮ್ಮ ಎಳ್ಳುಬೆಲ್ಲ ಉದಯನ ಕೈಯಲ್ಲಿ ಬಂತು. ತಿಂದೆ, ಒಳ್ಳೆಯ ಮಾತಾಡಿದೆ.

ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆ ಬಿಟ್ಟು ಚಳಿ, ಫ್ಯಾನು, ಬೆನ್ನುನೋವು ಎಂದು ಬರೆದ ಮಕ್ಕಳಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?

ಗಂಗೆ


ಶಿರಸಿ
೨ ಫೆಬ್ರವರಿ ೨೦೨೫

ಗಂಗಕ್ಕ,

ಸೊನ್ನೆ ಕೊಡುತ್ತಿದ್ದೆ. ನನಗೂ ಅಷ್ಟೇ ಸಲ್ಲುವುದು.

ಉದಯನ ರಕ್ತ ನೋಡಿಸುವುದು ಬೇಡ. ಈ ಕೊರತೆ ತಂದೆಯಿಂದ ಮಗನಿಗೆ ಬರುವುದಿಲ್ಲ. ಗಂಡುಮಗುವಿಗೆ ಅದು ಬರುವುದು ತಾಯಿಯಿಂದ. ಇದು ನನಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಡಾಕ್ಟರು ಕಾಯಿಲೆಯ ಹೆಸರು ಹೇಳಿದ ಹೊತ್ತಿನಲ್ಲೇ ಗೊತ್ತಿತ್ತು. ಹತ್ತನೇ ತರಗತಿಗೆ ವರ್ಷವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ ಪಾಠ ಅದು.

ಸಿದ್ದಾಪುರದಲ್ಲಿರುವ ನನ್ನ ತಮ್ಮ ಉಲ್ಲಾಸನಿಗೆ ಚಿಕ್ಕವನಿದ್ದಾಗ ಮಲೇರಿಯಾ ಬಂದು ಮಾತ್ರೆ ಕೊಟ್ಟಿದ್ದರು. ಆಗ ಅವನ ಮೈಯೂ ಹಳದಿಯಾಗಿತ್ತು, ಮೂತ್ರ ಮುರುಗಲು ಸಿಪ್ಪೆ ನೆನೆಸಿದ ನೀರಿನ ಹಾಗೆ ಕಡುಗೆಂಪಾಗಿ ಹೋಗುತ್ತಿತ್ತು. ದೃಷ್ಟಿಯಾಯಿತು ಎಂದು ಅಜ್ಜಿ ನಿವಾಳಿಸಿದ್ದಳು. ಕಳೆದ ತಿಂಗಳು ಹೋಗಿ ಕೇಳಿದೆ. "ಎಂತ ಅಕ್ಕ, ಐವತ್ತು ವರ್ಷದ ಹಿಂದಿನ ಉಚ್ಚೆ ಬಣ್ಣ ಈಗ ಕೇಳ್ತಿಯಲೇ ಮಾರಾಯ್ತಿ" ಎಂದು ನಕ್ಕ. ಅವನ ರಕ್ತ ನೋಡಿಸಿದೆ, ನನ್ನದೂ ನೋಡಿಸಿದೆ. ಅವನಿಗೆ ಕೊರತೆಯಿದೆ. ನನ್ನಲ್ಲಿ ಎರಡೂ ಬಗೆಯ ಕಣಗಳಿವೆ, ಬುತ್ತಿ ತುಂಬಿದವು ಕೆಲವು, ಖಾಲಿಯವು ಕೆಲವು, ಎರಡೂ ಒಂದೇ ನಾಳದಲ್ಲಿ ಹರಿಯುತ್ತವೆ. ಹಾಗಾಗಿ ನನಗೆ ಯಾವ ತೊಂದರೆಯೂ ಆಗಲಿಲ್ಲ, ಏನೂ ಗೊತ್ತೂ ಆಗಲಿಲ್ಲ. ನನ್ನಿಂದ ಕಾವ್ಯಶ್ರೀಗೆ, ಅವಳಿಂದ ಮಗುವಿಗೆ. ಅವಳಿಗೆ ಇನ್ನೊಂದು ಗಂಡುಮಗುವಾದರೂ ಅದಕ್ಕೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಬುತ್ತಿ ಕಟ್ಟಿದವಳು ನಾನು, ಗಂಗಕ್ಕ. ಸೀರೆಗೆ ಡಾಂಬರು ಗುಳಿಗೆ ಹಾಕದ ಮನೆ ಈ ಸೀಮೆಯಲ್ಲಿ ಯಾವುದಿದೆ?

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಮಗಳು ನಿಮ್ಮ ಮನೆಯಲ್ಲಿ ಬಾಳಬೇಕಾದವಳು. ಕೂಸಿಗೆ ದೋಷ ತಂದವಳು ಎಂಬ ಮಾತು ಒಮ್ಮೆ ಹುಟ್ಟಿದರೆ ಅವಳ ಕಿವಿಗೆ ಜೀವಮಾನವಿಡೀ ಬೀಳುತ್ತಿರುತ್ತದೆ. ತಳಿಯಲ್ಲಿ ಬರುವುದು ಯಾರ ತಪ್ಪೂ ಅಲ್ಲ ಎಂದು ನಾನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟೆ. ನನ್ನ ಮಗಳ ವಿಷಯ ಬಂದಾಗ ನನಗೇ ಆ ಪಾಠದ ಮೇಲೆ ನಂಬಿಕೆ ಬರಲಿಲ್ಲ. ಅವಳು ನಿಮ್ಮನ್ನು ದೂರುವಾಗ ಪಕ್ಕದಲ್ಲೇ ಕುಳಿತು ಮಗುವಿನ ಬಟ್ಟೆ ಮಡಚುತ್ತಿದ್ದೆ. ಅವಳಿಗೆ ಇನ್ನೂ ಗೊತ್ತಿಲ್ಲ.

ಈಗ ನಿಮ್ಮ ಕೈಯಲ್ಲಿದೆ. ನಿಮ್ಮ ನಾದಿನಿಗೆ ಉತ್ತರ ಕೊಡಬೇಕೆಂದಿದ್ದರೆ ಈ ಪತ್ರ ತೋರಿಸಿ. ನಾನು ಒಂದು ಮಾತೂ ಆಡುವುದಿಲ್ಲ.

ನೀಲಾ


ಕಿರವತ್ತಿ
೧೪ ಫೆಬ್ರವರಿ ೨೦೨೫

ನೀಲಾ ಅವರಿಗೆ,

ನಿಮ್ಮ ಪತ್ರವನ್ನು ಬಚ್ಚಲ ಒಲೆಗೆ ಹಾಕಿದೆ. ನಾದಿನಿ ಬಾಗಿಲಲ್ಲೇ ಇದ್ದಳು, ಏನದು ಎಂದು ಕೇಳಿದಳು. ವಿದ್ಯುತ್ ಬಿಲ್ಲು ಎಂದೆ.

ಓದಿದ ದಿನ ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ಸಣ್ಣ ಸಿಟ್ಟಲ್ಲ. ಮೂರು ತಿಂಗಳು ನಾನು ಈ ಮನೆಯಲ್ಲಿ ಅನ್ನ ಬಡಿಸಿ ತಲೆ ತಗ್ಗಿಸಿ ಕುಳಿತೆ. ನೀವು ಅಷ್ಟು ದಿನವೂ ಉತ್ತರ ಗೊತ್ತಿದ್ದು ಕುಳಿತಿದ್ದಿರಿ. ಬೆಳಗಾದರೆ ಎಲ್ಲರನ್ನೂ ಕೂರಿಸಿ ಹೇಳಿಬಿಡುತ್ತೇನೆ ಎಂದು ನಿಶ್ಚಯ ಮಾಡಿ ಮಲಗಿದೆ.

ಬೆಳಿಗ್ಗೆ ಎದ್ದು ಎಮ್ಮೆ ಕರೆಯುವಾಗ ಒಂದು ನೆನಪಾಯಿತು. ನಾನು ಮದುವೆಯಾಗಿ ಬಂದ ವಾರ ಈ ಮನೆಯ ಎಮ್ಮೆಯೊಂದು ಸತ್ತಿತ್ತು. ಅದಕ್ಕೆ ಮೊದಲಿಂದಲೂ ಹೊಟ್ಟೆಯುಬ್ಬರ ಇತ್ತಂತೆ. ಆದರೂ ನಾದಿನಿಗೆ ಇವತ್ತಿಗೂ ನಾನು "ಎಮ್ಮಿ ಸತ್ತ ವರ್ಷ ಬಂದಾಕಿ." ನಗುತ್ತಲೇ ಹೇಳುತ್ತಾಳೆ. ನಾಲ್ಕು ಮಕ್ಕಳು ಹುಟ್ಟಿ ಉಳಿದ ಮೇಲೆಯೂ ಹೇಳುತ್ತಾಳೆ. ಒಂದು ಎಮ್ಮೆಗೆ ಹೀಗಾದರೆ ಒಂದು ಕೂಸಿಗೆ ಹೇಗಿದ್ದೀತು? ಅದೂ ಇನ್ನೊಂದು ಗಂಡಾದರೆ ಅದಕ್ಕೂ ಬರಬಹುದು ಎಂದರೆ, ಸೊಸೆ ಬಸುರಾದಾಗಲೆಲ್ಲ ಈ ಮನೆಯವರು ಬೆರಳು ಮಡಚಿ ಕಾಯುತ್ತಾರೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಮುಗಿಯುತ್ತ ಬಂತು, ನನ್ನ ಮೇಲಿನ ಅಪವಾದವೂ ನನ್ನ ಜೊತೆಗೇ ಹೋಗುತ್ತದೆ. ಅವಳ ಕಾಲ ಈಗ ಶುರುವಾಗಿದೆ. ಸೀರೆಯಿಂದಲೇ ಆಯಿತು ಎಂದು ಇರಲಿ. ಸುಳ್ಳೂ ಅಲ್ಲವಲ್ಲ.

ನಾನು ತೊಟ್ಟಿಲಿಗೆ ಬಂದರೆ ಅವರಿವರು ಆ ಮಾತು ತೆಗೆಯುತ್ತಾರೆ. ನೀವು ತಡೆದುಕೊಳ್ಳಲಾಗದೆ ಹೇಳಿಬಿಡುತ್ತೀರಿ. ಅದಕ್ಕೇ ಬರುವುದಿಲ್ಲ. ಕಿವಿಯಲ್ಲಿ ಹೆಸರು ನೀವೇ ಹೇಳಿ, ನಿಮ್ಮ ಧ್ವನಿ ದೊಡ್ಡದು, ಚೆನ್ನಾಗಿ ಕೇಳಿಸುತ್ತದೆ. ಕೂಸನ್ನು ಎತ್ತಿಕೊಳ್ಳಬೇಕು ಎಂದು ನನಗೆ ತುಂಬ ಆಸೆಯಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಇರಲಿ.

ಸೊಸೆಗೆ ಏನೂ ಹೇಳಬೇಡಿ. ಇದು ನನ್ನ ಮಾತು.

ಗಂಗೆ


ಶಿರಸಿ
೨ ಮಾರ್ಚ್ ೨೦೨೫

ಅತ್ತೆಗೆ ಕಾವ್ಯಶ್ರೀ ಮಾಡುವ ನಮಸ್ಕಾರಗಳು.

ಅಮ್ಮ ನಿಮ್ಮ ಮಾತು ನಡೆಸಲಿಲ್ಲ. ಮೊನ್ನೆ ಮಧ್ಯಾಹ್ನ ಊಟ ಆದ ಮೇಲೆ ಹಳೆ ಕಪ್ಪು ಹಲಗೆ ತಂದು, ಗೆರೆ ಎಳೆದು, ಎಲ್ಲ ಹೇಳಿದಳು. ಗೆರೆಗಳ ತುದಿಯಲ್ಲಿ ಅವಳು, ಉಲ್ಲಾಸ ಮಾವ, ನಾನು, ಮಗು. ಹೇಳುವಾಗ ಟೀಚರ ಹಾಗೆಯೇ ಇದ್ದಳು. ಹಲಗೆ ಒರೆಸುವಾಗ ಅತ್ತಳು. ಆಮೇಲೆ ನಿಮ್ಮ ಪತ್ರ ಓದಲು ಕೊಟ್ಟಳು.

ನಾನು ಎರಡು ದಿನ ಇಬ್ಬರ ಮೇಲೂ ಸಿಟ್ಟಿನಲ್ಲಿದ್ದೆ. ನೀವಿಬ್ಬರೂ ಸೇರಿ ನನ್ನನ್ನು ಕಾಪಾಡುತ್ತಿದ್ದಿರಿ. ಒಬ್ಬರು ಬಾಯಿ ಮುಚ್ಚಿಕೊಂಡು, ಇನ್ನೊಬ್ಬರು ಬೈಸಿಕೊಂಡು. ನನ್ನ ರಕ್ತದ ವಿಷಯ, ನನ್ನ ಮಗನ ವಿಷಯ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಉದಯನಿಗೆ ನಾನೇ ಹೇಳಿದೆ. ಅವರು, "ಹಂಗಾರ ಇನ್ನೊಂದಕ್ಕ ಮೊದಲ ಡಾಕ್ಟರ್ ಕಡೆ ಕೇಳಿ ಬರೋಣ" ಎಂದರು. ಆಮೇಲೆ ಮಗನಿಗೆ ಯಾವ ಯಾವ ಮಾತ್ರೆ ಕೊಡಬಾರದು ಎಂದು ಕೇಳಿ ಬರೆದುಕೊಂಡರು. ಮಾವನವರಿಗೆ ಅವರೇ ಹೇಳುತ್ತಾರೆ. ನಿಮ್ಮ ನಾದಿನಿಗೆ ನಾನು ಹೇಳುತ್ತೇನೆ. ಎಮ್ಮೆ ಸತ್ತ ವರ್ಷ ಬಂದವರ ಸೊಸೆ ನಾನು, ನನಗೂ ಒಂದು ಹೆಸರು ಇಟ್ಟುಕೊಳ್ಳಲಿ.

ಆಸ್ಪತ್ರೆಯಲ್ಲಿ ನಾನು ಆಡಿದ ಮಾತಿಗೆ ಪತ್ರದಲ್ಲಿ ತಪ್ಪಾಯಿತು ಎಂದು ಬರೆಯುವುದಿಲ್ಲ. ಎಲ್ಲರ ಎದುರು ಆಡಿದ್ದು, ಎಲ್ಲರ ಎದುರೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ತೊಟ್ಟಿಲ ಶಾಸ್ತ್ರ ಇಲ್ಲಿ ಬೇಡ, ಕಿರವತ್ತಿಯಲ್ಲೇ ಆಗಲಿ ಎಂದು ಹೇಳಿದೆ. ಬಾಣಂತಿ ತವರಿನಿಂದ ತಾನಾಗಿ ಹೊರಡಬಾರದು, ಅತ್ತೆ ಮನೆಯವರು ಬಂದು ಕರೆದೊಯ್ಯಬೇಕು ಎಂದು ಅಮ್ಮ ತಕರಾರು ಮಾಡಿದಳು. ಕರೆಯಬೇಕಾದವರು ಬರುವುದಿಲ್ಲ ಎಂದು ಹಟ ಹಿಡಿದು ಕುಳಿತರೆ ಎಷ್ಟು ದಿನ ಕಾಯಲಿ? ಹದಿಮೂರನೇ ತಾರೀಖು ಗುರುವಾರ ಬೆಳಿಗ್ಗೆ ಹೊರಡುತ್ತೇನೆ. ಯಲ್ಲಾಪುರದಲ್ಲಿ ಉದಯ ನಮ್ಮನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ ಡ್ಯೂಟಿಗೆ ಹೋಗುತ್ತಾರೆ. ಅಮ್ಮನಿಗೆ ಮಾರನೇ ದಿನ ಬಾ ಎಂದಿದ್ದೇನೆ.

ಕಿರವತ್ತಿಯಲ್ಲಿ ಆ ಬಸ್ಸು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನ್ನ ಹತ್ತಿರ ಎರಡು ಚೀಲ ಇರುತ್ತವೆ, ಮಗುವನ್ನು ಹಿಡಿದುಕೊಂಡು ಇಳಿಯಲು ಆಗುವುದಿಲ್ಲ. ಬಾಗಿಲಲ್ಲಿ ನಿಂತು ಅವನನ್ನು ಕೆಳಗೆ ಚಾಚುತ್ತೇನೆ. ಕೆಳಗೆ ನೀವೇ ನಿಂತಿರಬೇಕು, ಬೇರೆ ಯಾರ ಕೈಗೂ ಕೊಡುವುದಿಲ್ಲ.

ನಿಮ್ಮ ಸೊಸೆ
ಕಾವ್ಯಶ್ರೀ